ಹಿಂದಿನ ಇರುಸಿನ ಗಿಯರು ನಿಷ್ಪತ್ತಿ: ವೇಗಪ್ರಧಾನ ಕಾರುಗಳಲ್ಲಿ ಅದರ ಆಯ್ಕೆ

ಹಿಂದಿನ ಚಕ್ರಗಳಿಗೆ ಚಾಲನೆ ಹರಿಯುವ ಮೋಟಾರುಕಾರಿನಲ್ಲಿ, ಗಿಯರುಪೆಟ್ಟಿಗೆಯಿಂದ ಹೊರಟು ಕಾರಿನ ಅಡಿಯಲ್ಲಿ ಹಿಂದಕ್ಕೆ ಚಾಚಿರುವ ಪ್ರೊಪೆಲರ್ ಶಾಫ್ಟು ಎಷ್ಟು ಸುತ್ತು ತಿರುಗಿದರೆ ಹಿಂದಿನ ಚಕ್ರಗಳು ಒಂದು ಸುತ್ತನ್ನು ಪೂರೈಸುವುವೋ ಆ ಸಂಖ್ಯೆಗೆ ಹಿಂದಿನ ಇರುಸಿನ ಗಿಯರು ನಿಷ್ಪತ್ತಿ ಎಂದು ಹೆಸರು. ಶಾಫ್ಟಿನ ತುದಿಯಲ್ಲಿರುವ ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ, ಅದರೊಡನೆ ಕೂಡಿ ತಿರುಗುವ ಕ್ರೌನ್ ಚಕ್ರದ ಹಲ್ಲುಗಳ ಸಂಖ್ಯೆಯನ್ನು ಭಾಗಿಸಿದರೆ ಇದು ದೊರೆಯುತ್ತದೆ. ಪಿನಿಯನ್ನಿಗೆ 13, ಕ್ರೌನಿಗೆ 40 ಹಲ್ಲುಗಳಿದ್ದರೆ ನಿಷ್ಪತ್ತಿ 3.08, 11 ಮತ್ತು 41 ಇದ್ದರೆ 3.73, 10 ಮತ್ತು 41 ಇದ್ದರೆ 4.10.

ಸಂಖ್ಯೆ ಹಿರಿದಾದಷ್ಟೂ ಚಕ್ರದಲ್ಲಿ ಒದಗುವ ಎಳೆತ ಹೆಚ್ಚಿ, ಗ್ಯಾರೇಜಿನವರು ಪಿಕಪ್ಪು ಎನ್ನುವ ಗುಣ ಚುರುಕಾಗುತ್ತದೆ. ಆದರೆ ಅದೇ ವೇಗಕ್ಕೆ ಎಂಜಿನ್ನು ಹೆಚ್ಚು ಸುತ್ತಬೇಕಾಗುವುದರಿಂದ ಮೈಲೇಜು ಕುಗ್ಗುತ್ತದೆ, ಸದ್ದು ಏರುತ್ತದೆ, ಸವೆತವೂ ಬೇಗ ತಲೆದೋರುತ್ತದೆ. ಮೀಟುಗೋಲಿನಲ್ಲಿ ಬಲವಾಗಿ ಪಡೆದುದನ್ನು ದೂರವಾಗಿ ತೆರಬೇಕಾಗುವಂತೆ ಇಲ್ಲಿಯೂ ಲಾಭನಷ್ಟಗಳು ಸರಿಸಮವಾಗಿ ನಡೆಯುತ್ತವೆ. ಇರುಸು ಎಂಜಿನ್ನಿನ ಸಾಮರ್ಥ್ಯಕ್ಕೆ ಒಂದು ಅಶ್ವಶಕ್ತಿಯನ್ನೂ ಕೂಡಿಸಲಾರದು. ಇರುವ ಸಾಮರ್ಥ್ಯ ಯಾವ ವೇಗದ ಎಲ್ಲೆಯೊಳಗೆ ಚಕ್ರಕ್ಕೆ ಸಲ್ಲಬೇಕೆಂಬುದನ್ನು ಮಾತ್ರ ಅದು ನಿರ್ಣಯಿಸುತ್ತದೆ. ಆದುದರಿಂದ ಉತ್ತಮ ನಿಷ್ಪತ್ತಿ ಯಾವುದೆಂಬ ಪ್ರಶ್ನೆಗೆ ಒಂಟಿಯಾಗಿ ಉತ್ತರವಿಲ್ಲ. ಎಂಜಿನ್ನು, ಗಿಯರುಪೆಟ್ಟಿಗೆ, ಟೈರು, ರಸ್ತೆ ಎಂಬ ನಾಲ್ಕನ್ನೂ ಒಟ್ಟಿಗೆ ಎಣಿಸಿದ ಮೇಲೆಯೇ ಆ ಪ್ರಶ್ನೆಗೆ ಅರ್ಥ ಬರುವುದು.

ಇತಿಹಾಸ: ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನದು ಕಡಿಮೆ ದೂರವನ್ನೂ ಕ್ರಮಿಸಬೇಕಾಗುವುದರಿಂದ ಎರಡಕ್ಕೂ ಬೇರೆಬೇರೆ ವೇಗದಲ್ಲಿ ತಿರುಗುವ ಸ್ವಾತಂತ್ರ್ಯ ಕೊಡತಕ್ಕ ಡಿಫರೆನ್ಷಿಯಲ್ ರಚನೆಗೆ ಫ್ರಾನ್ಸಿನ ಒನೆಸಿಫೋರ್ ಪೆಕೆರ್ 1827ರಲ್ಲಿ ಪೇಟೆಂಟು ಪಡೆದನು. ಶಂಕ್ವಾಕಾರದ ಹಲ್ಲುಚಕ್ರಗಳನ್ನು ಯಂತ್ರದಿಂದ ಕೊರೆಯುವ ವಿಧಾನವನ್ನು ಅಮೆರಿಕದ ರಾಚೆಸ್ಟರ್ ನಗರದ ವಿಲಿಯಂ ಗ್ಲೀಸನ್ 1874ರಲ್ಲಿ ರೂಪಿಸಿದನು; ನೇರ ಹಲ್ಲುಗಳ ಬದಲು ಸುರುಳಿ ಹಲ್ಲುಗಳೂ, ಅನಂತರ ಕ್ರೌನಿನ ಕೇಂದ್ರಕ್ಕಿಂತ ಕೆಳಗೆ ಪಿನಿಯನ್ನನ್ನು ಇರಿಸಬಲ್ಲ ಹೈಪಾಯ್ಡ್ ಹಲ್ಲುಗಳೂ ಅದೇ ಕಾರ್ಖಾನೆಯಿಂದ ಬಂದವು. 1920ರ ದಶಕದ ಉತ್ತರಾರ್ಧದಲ್ಲಿ ಪ್ಯಾಕರ್ಡ್ ಕಾರು ಹೈಪಾಯ್ಡನ್ನು ಅಳವಡಿಸಿಕೊಂಡಿತು. ಪ್ರೊಪೆಲರ್ ಶಾಫ್ಟು ಕೆಳಗಿಳಿದುದರಿಂದ ಕಾರಿನ ನೆಲವೂ ಕೆಳಗಿಳಿಯಿತು.

ಕಾರಿನ ಒಡೆಯನೇ ನಿಷ್ಪತ್ತಿಯನ್ನು ಬದಲಾಯಿಸುವ ಹವ್ಯಾಸವೂ ಹಳೆಯದೇ. ಎರಡೇ ಗಿಯರುಗಳಿದ್ದ ಫೋರ್ಡ್ ಮಾಡೆಲ್ ಟಿ ಕಾರಿಗೆ ಕಾರ್ಖಾನೆ ಕೊಡುತ್ತಿದ್ದ ನಿಷ್ಪತ್ತಿ 3.63, ಅದರ ಭಾರವಾದ ಮೈಯನ್ನು ಕಿತ್ತು ಹಗುರವಾದ ಸ್ಪೀಡ್‌ಸ್ಟರ್ ಮಾಡಿಕೊಂಡವರು 3.0ರ ಜೋಡಿಯನ್ನು ಹಾಕಿಸುತ್ತಿದ್ದರು. ವೇಗದ ಕಾರಿಗೆ ದೊಡ್ಡ ಸಂಖ್ಯೆಯೇ ಬೇಕೆಂಬ ಇಂದಿನ ನಂಬಿಕೆಗೆ ಇದು ವಿರುದ್ಧವಾಗಿ ಕಂಡರೂ ಕಾರಣ ಸ್ಪಷ್ಟವಾಗಿದೆ: ಎಂಜಿನ್ನು ಹೆಚ್ಚು ಸುತ್ತಲಾರದು, ಹೊರಬೇಕಾದ ಭಾರವೋ ಇಳಿದಿದೆ, ಅಂದಮೇಲೆ ಎಳೆತವನ್ನು ಬಿಟ್ಟುಕೊಟ್ಟು ವೇಗವನ್ನು ಕೊಳ್ಳುವುದೇ ವಿವೇಕ. 1960ರ ದಶಕದ ಅಮೆರಿಕದಲ್ಲಿ ಭಾರಿ ವಿ-8 ಎಂಜಿನ್ನುಗಳ ಕಾರುಗಳು ಪ್ರಚಾರಕ್ಕೆ ಬಂದಾಗ, ಮೇಲಿನ ಗಿಯರು ಎಂಜಿನ್ನಿನ ಸುತ್ತನ್ನು ಹಾಗೆಯೇ ಶಾಫ್ಟಿಗೆ ಸಾಗಿಸುವ ನೇರ ಚಾಲನೆಯದಾಗಿದ್ದುದರಿಂದ ಹೆದ್ದಾರಿಗೆ 3.08, ಊರಿನೊಳಕ್ಕೆ 3.55, ಕಾಲು ಮೈಲಿಯ ಪಂದ್ಯಕ್ಕೆ 4.10 ಅಥವಾ 4.56 ಎಂದು ಕೊಳ್ಳುವವನೇ ಆರಿಸಬೇಕಾಗಿತ್ತು. ಈ ವಿಷಯದ ಬಹುಪಾಲು ರೂಢಿಜ್ಞಾನ ಆ ಕಾಲದ್ದು.

ಲೆಕ್ಕದ ಕ್ರಮ: ಒಂದು ನಿಮಿಷಕ್ಕೆ ಎಂಜಿನ್ನು ಸುತ್ತುವ ಸುತ್ತುಗಳನ್ನು ತಿಳಿಯಲು, ಗಂಟೆಗೆ ಕಿಲೋಮೀಟರುಗಳಲ್ಲಿ ಹೇಳಿದ ವೇಗವನ್ನು 16.67ರಿಂದ ಗುಣಿಸಿ, ಟೈರು ಒಂದು ಸುತ್ತಿಗೆ ಕ್ರಮಿಸುವ ಮೀಟರುಗಳಿಂದ ಭಾಗಿಸಿ, ಬಂದುದನ್ನು ಇರುಸಿನ ನಿಷ್ಪತ್ತಿಯಿಂದಲೂ ಆಗ ಹಾಕಿರುವ ಗಿಯರಿನ ನಿಷ್ಪತ್ತಿಯಿಂದಲೂ ಗುಣಿಸಬೇಕು. 225/50 ಅಳತೆಯ 17 ಅಂಗುಲದ ಟೈರು ಭಾರ ಹೊತ್ತು ಅಮುಕಿಕೊಂಡಾಗ ಸುತ್ತಿಗೆ ಹತ್ತಿರ ಹತ್ತಿರ 2 ಮೀಟರು ಕ್ರಮಿಸುತ್ತದೆ. ಈ ಅಳತೆಯಲ್ಲಿ ಒಂದು ಸೌಕರ್ಯವುಂಟು: ಗಂಟೆಗೆ 120 ಕಿಲೋಮೀಟರು ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 1000 ಸುತ್ತು ತಿರುಗುವುದರಿಂದ, ನೇರ ಚಾಲನೆಯ ಗಿಯರಿನಲ್ಲಿ ಇರುಸಿನ ನಿಷ್ಪತ್ತಿಯನ್ನು ಸಾವಿರದಿಂದ ಗುಣಿಸಿದರೆ ಎಂಜಿನ್ನಿನ ಸುತ್ತು ಕೈಗೆ ಬರುತ್ತದೆ. 3.08ಕ್ಕೆ 3080; 3.73ಕ್ಕೆ 3730; 4.10ಕ್ಕೆ 4100. ಕೊನೆಯ ಸಂಖ್ಯೆಯಲ್ಲಿ ಗಂಟೆಗಟ್ಟಲೆ ಪಯಣಿಸುವುದು ಎಂಜಿನ್ನಿಗೂ ಕಿವಿಗೂ ದಂಡನೆಯೇ ಸರಿ.

ಟೈರಿನ ವ್ಯಾಸವೂ ನಿಷ್ಪತ್ತಿಯೇ ಎಂಬುದನ್ನು ಮರೆಯಲಾಗದು. 26 ಅಂಗುಲದ ಟೈರನ್ನು ತೆಗೆದು ನೋಟಕ್ಕಾಗಿ 28 ಅಂಗುಲದ್ದನ್ನು ಹಾಕಿಸಿದವನು, ಹಲ್ಲುಗಳನ್ನು ಮುಟ್ಟದೆಯೇ ತನ್ನ 4.10ನ್ನು 3.81ಕ್ಕೆ ಇಳಿಸಿಕೊಂಡಂತಾಯಿತು. ಇರುಸನ್ನು ಬಿಚ್ಚಿಸುವ ಮೊದಲು ಟೈರಿನ ಅಳತೆ ಸ್ಥಿರವಾಗಿರತಕ್ಕುದೆಂಬ ನಿಯಮ ಬಂದಿರುವುದು ಇದರಿಂದಲೇ.

ಹಿಡಿತದ ಎಲ್ಲೆ: ಸಂಖ್ಯೆ ಹೆಚ್ಚಿದಷ್ಟೂ ಕಾರು ಮುನ್ನುಗ್ಗುವುದೆಂಬ ಎಣಿಕೆ ಟೈರು ನೆಲವನ್ನು ಹಿಡಿದಿರುವವರೆಗೆ ಮಾತ್ರ ಸತ್ಯ. 400 ನ್ಯೂಟನ್-ಮೀಟರು ತಿರುಚುಬಲದ ಎಂಜಿನ್ನು, 2.66ರ ಮೊದಲ ಗಿಯರು, 3.73ರ ಇರುಸು, ಮೇಲೆ ಹೇಳಿದ 225/50 ಅಳತೆಯ ಟೈರು ಇರುವ ಒಂದು ಕಾರನ್ನು ಭಾವಿಸಿಕೊಳ್ಳೋಣ. ಘರ್ಷಣೆಗೆ ನೂರಕ್ಕೆ ಹನ್ನೆರಡು ಪಾಲನ್ನು ಕಳೆದರೂ ಮೊದಲ ಗಿಯರಿನಲ್ಲಿ ಚಕ್ರದ ಅಂಚಿಗೆ ಸುಮಾರು 11,000 ನ್ಯೂಟನ್ ಬಲ ಒದಗುತ್ತದೆ. ಮುನ್ನುಗ್ಗುವಾಗ ಭಾರ ಹಿಂದಕ್ಕೆ ಸರಿದು ಹಿಂದಿನ ಚಕ್ರಗಳ ಮೇಲೆ 900 ಕಿಲೋಗ್ರಾಂ ಕುಳಿತಿದೆಯೆಂದೂ, ಒಣ ಡಾಂಬರಿನಲ್ಲಿ ಬೀದಿಯ ಟೈರಿನ ಘರ್ಷಣಾಂಕ 0.9 ಎಂದೂ ಇಟ್ಟುಕೊಂಡರೆ, ನೆಲ ತಾಳಬಲ್ಲ ಬಲ 8,000 ನ್ಯೂಟನ್ನಿಗೆ ಸ್ವಲ್ಪ ಕಡಿಮೆ. ಎಂದರೆ 3.73ರಲ್ಲಿಯೇ ಟೈರು ಜಾರುತ್ತಿದೆ, 4.10 ಹಾಕಿದರೆ ಹೆಚ್ಚುವುದು ಹೊಗೆಯೇ ಹೊರತು ವೇಗವಲ್ಲ. 1.78ರ ಎರಡನೆಯ ಗಿಯರಿನಲ್ಲಿ ಮಾತ್ರ 3.73ಕ್ಕೆ 7,350, 4.10ಕ್ಕೆ 8,080 ನ್ಯೂಟನ್ ದೊರೆತು ಬಲವೂ ಹಿಡಿತವೂ ಸಮೀಪಕ್ಕೆ ಬರುತ್ತವೆ. ಬಲಿಷ್ಠ ಎಂಜಿನ್ನಿನ ಕಾರಿಗೆ ದೊಡ್ಡ ನಿಷ್ಪತ್ತಿಯಿಂದ ಬರುವ ಪ್ರಯೋಜನ ಎರಡನೆಯ ಗಿಯರಿನಿಂದ ಮೇಲಕ್ಕಷ್ಟೇ; ದುರ್ಬಲ ಎಂಜಿನ್ನಿಗೆ ಮಿಗಿಲಾದ ಎಳೆತವೇ ಇಲ್ಲವಾದುದರಿಂದ ಪ್ರತಿಯೊಂದು ಗಿಯರಿನಲ್ಲಿಯೂ ಅದರ ಉಪಕಾರ ತಿಳಿಯುತ್ತದೆ.

ಗಿಯರುಪೆಟ್ಟಿಗೆಯೊಡನೆ ಸಾಮರಸ್ಯ: ಮೊದಲ ಗಿಯರಿನ ನಿಷ್ಪತ್ತಿಯನ್ನು ಇರುಸಿನ ನಿಷ್ಪತ್ತಿಯಿಂದ ಗುಣಿಸಿದರೆ ಬರುವ ಗುಣಲಬ್ಧ, ಕೈಯಿಂದ ಗಿಯರು ಬದಲಾಯಿಸುವ ವೇಗಪ್ರಧಾನ ಕಾರಿನಲ್ಲಿ 10ರ ಆಸುಪಾಸಿನಲ್ಲಿರುವುದು ಬೀದಿಗೆ ಹಿತವೆಂಬುದು ಅನುಭವಿಗಳ ಅಭಿಪ್ರಾಯ. 2.20ರ ಮೊದಲ ಗಿಯರಿದ್ದ ಹಳೆಯ ಮನ್ಸಿ ಪೆಟ್ಟಿಗೆಗೆ 4.10 ಕೂಡಿಸಿದರೆ 9.02, 2.66ರ ಟ್ರೆಮೆಕ್ ಟಿ-56 ಪೆಟ್ಟಿಗೆಗೆ 3.73 ಕೂಡಿಸಿದರೆ 9.92. ಈ ಎರಡನೆಯ ಪೆಟ್ಟಿಗೆಯ ಐದನೆಯ ಗಿಯರು 0.74, ಆರನೆಯದು 0.50, ಆದುದರಿಂದ ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಐದರಲ್ಲಿ 2,300, ಆರರಲ್ಲಿ 1,550 ಸುತ್ತುಗಳು ಮಾತ್ರ ಬೇಕಾಗುತ್ತವೆ. ಒಂದಕ್ಕಿಂತ ಕಡಿಮೆಯಾದ ಇಂಥ ಓವರ್‌ಡ್ರೈವ್ ಗಿಯರುಗಳು ಬಂದ ಮೇಲೆ, ಊರಿನೊಳಗಿನ ಎಳೆತವನ್ನೂ ಹೆದ್ದಾರಿಯ ನೆಮ್ಮದಿಯನ್ನೂ ಒಂದೇ ಇರುಸಿನಿಂದ ಪಡೆಯುವುದು ಸಾಧ್ಯವಾಯಿತು.

ಸ್ವಯಂಚಾಲಿತ ಪೆಟ್ಟಿಗೆಗಳ ಮಾತೇ ಬೇರೆ. 2015ರ ಫೋರ್ಡ್ ಮಸ್ಟಾಂಗ್ ಜಿಟಿಯ ಆರು ಗಿಯರಿನ ಸ್ವಯಂಚಾಲಿತ ಪೆಟ್ಟಿಗೆಯ ಮೊದಲ ಗಿಯರೇ 4.17. ಅದಕ್ಕೆ 3.15ರ ಸಾಮಾನ್ಯ ಇರುಸನ್ನು ಕೂಡಿಸಿದರೂ ಗುಣಲಬ್ಧ 13ನ್ನು ಮೀರುತ್ತದೆ. ಹಳೆಯ ಕಾರುಗಳ ರೂಢಿಯನ್ನು ನೆನೆದು ಇಂಥದಕ್ಕೆ 4.10 ಹಾಕಿಸಹೊರಟವನು ಮೊದಲ ಗಿಯರನ್ನೇ ನಿರರ್ಥಕ ಮಾಡಿಕೊಳ್ಳುತ್ತಾನೆ.

ತಯಾರಕರ ನಿದರ್ಶನಗಳು: ಈ ವಿಷಯವನ್ನು ಕಲಿಯಲು ಕಾರ್ಖಾನೆಗಳು ಒಂದೇ ಎಂಜಿನ್ನಿಗೆ ಬೇರೆಬೇರೆ ಇರುಸುಗಳನ್ನು ಹೂಡಿದ ನಿದರ್ಶನಗಳಿಗಿಂತ ಒಳ್ಳೆಯ ಪಾಠವಿಲ್ಲ. ನಮ್ಮ ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕುಟುಂಬದ ಕಾರಿಗೆ 1489 ಘನ ಸೆಂಟಿಮೀಟರಿನ ಎಂಜಿನ್ನೂ 4.875ರ ಇರುಸೂ ಇದ್ದವು. ಅದೇ ವಂಶದ ಎಂಜಿನ್ನನ್ನು ಹಗುರವಾದ ಎಂಜಿಎ ಕ್ರೀಡಾಕಾರಿಗೆ ಹಾಕಿದಾಗ 4.3 ಸಾಕಾಯಿತು, ಅದು 1798 ಘನ ಸೆಂಟಿಮೀಟರಿಗೆ ಬೆಳೆದು ಎಂಜಿಬಿ ಆದಾಗ, ಚಕ್ರ 15 ಅಂಗುಲದಿಂದ 14ಕ್ಕೆ ಇಳಿದಿದ್ದರೂ ನಿಷ್ಪತ್ತಿ 3.909ಕ್ಕೆ ಬಂದಿತು. ಭಾರ ಇಳಿದಂತೆ, ತಿರುಚುಬಲ ಏರಿದಂತೆ ಸಂಖ್ಯೆ ಕಿರಿದಾಗಬಹುದೆಂಬುದು ಇಲ್ಲಿಯ ತಾತ್ಪರ್ಯ. ಸುಜುಕಿಯ ಎಸ್‌ಜೆ 410 ವಾಹನಕ್ಕೆ 4.11 ಇದ್ದುದು, ದೊಡ್ಡ ಎಂಜಿನ್ನಿನ ಎಸ್‌ಜೆ 413ಕ್ಕೆ 3.73 ಆದುದೂ ಇದೇ ನ್ಯಾಯದಿಂದ. ವಿರುದ್ಧ ದಿಕ್ಕಿನ ನಿದರ್ಶನ ವಿಲ್ಲಿಸ್ ಜೀಪು: ಯುದ್ಧಕಾಲದಲ್ಲಿ 4.88 ಇದ್ದ ಅದರ ಇರುಸು, ಹೊಲಗದ್ದೆಗಳ ಕೆಲಸಕ್ಕೆಂದು ಹೊರಬಂದ ನಾಗರಿಕ ರೂಪದಲ್ಲಿ 5.38 ಆಯಿತು.

ಭಾರತದಲ್ಲಿ ಈ ಆಯ್ಕೆಯ ಕ್ಷೇತ್ರ ಕಿರಿದು. 1983ರಲ್ಲಿ ಮಾರುತಿ 800 ಬಂದಂದಿನಿಂದ ಸಣ್ಣ ಕಾರುಗಳಲ್ಲಿ ಬಹುಪಾಲು ಕ್ರಮೇಣ ಮುಂಚಕ್ರದ ಚಾಲನೆಗೆ ತಿರುಗಿದವು; ಅವುಗಳಲ್ಲಿ ಕೊನೆಯ ಹಲ್ಲುಜೋಡಿ ಗಿಯರುಪೆಟ್ಟಿಗೆಯೊಳಗೇ ಅಡಗಿರುವುದರಿಂದ ಬದಲಾವಣೆ ದುಸ್ಸಾಧ್ಯ. ಹಿಂಚಕ್ರದ ಚಾಲನೆಯ ಹವ್ಯಾಸಿಗೆ ಉಳಿದವು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಜೀಪುಗಳು ಮತ್ತು 1984ರಿಂದ 2002ರವರೆಗೆ ತಯಾರಾದ ಹಿಂದೂಸ್ತಾನ್ ಕಾಂಟೆಸಾ. ಕಾಂಟೆಸಾಕ್ಕೆ ಇಸುಜುವಿನ 1817 ಘನ ಸೆಂಟಿಮೀಟರಿನ ಎಂಜಿನ್ನೂ ಐದು ಗಿಯರುಗಳೂ ಬಂದ ಮೇಲೆಯೇ ಅದು ತನ್ನ ನೋಟಕ್ಕೆ ತಕ್ಕ ಓಟವನ್ನು ಪಡೆಯಿತು. ಇತ್ತೀಚೆಗೆ ಆಮದಾದ ಬಲಿಷ್ಠ ಕಾರುಗಳೂ ಈ ಸಾಲಿಗೆ ಸೇರಿವೆ.

ಇರುಸುಗಳ ತಯಾರಿಕೆಯಲ್ಲಿ ಕರ್ನಾಟಕದ ಪಾಲು ಗಣ್ಯವಾದುದು. ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ, 1981ರಲ್ಲಿ ಸ್ಥಾಪಿತವಾದ ಆಟೋಮೋಟಿವ್ ಆಕ್ಸಲ್ಸ್ ಸಂಸ್ಥೆ ಲಾರಿ ಬಸ್ಸುಗಳ ಚಾಲಕ ಇರುಸುಗಳನ್ನು ತಯಾರಿಸುತ್ತದೆ. ಅಶೋಕ್ ಲೇಲ್ಯಾಂಡ್ ಅದರ ಗಿರಾಕಿಗಳಲ್ಲಿ ಮುಖ್ಯವಾದುದು. ಬಿಡದಿಯಲ್ಲಿ 2002ರಲ್ಲಿ ಆರಂಭವಾದ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಇರುಸು, ಪ್ರೊಪೆಲರ್ ಶಾಫ್ಟು, ಗಿಯರುಪೆಟ್ಟಿಗೆಗಳ ಕಾರ್ಖಾನೆ. ಬಸ್ಸಿನ ಇರುಸನ್ನು ಆರಿಸುವವನೂ ಕ್ರೀಡಾಕಾರಿನ ಹವ್ಯಾಸಿಯೂ ಬಿಡಿಸುವ ಲೆಕ್ಕ ಒಂದೇ: ನಿಲ್ಲುತ್ತ ಹೊರಡುತ್ತ ಸಾಗುವ ನಗರದ ಬಸ್ಸಿಗೆ ದೊಡ್ಡ ನಿಷ್ಪತ್ತಿ, ದೂರದ ಎಕ್ಸ್‌ಪ್ರೆಸ್ಸಿಗೆ ಸಣ್ಣದು.

ಮಿಯಾಪುರದ ರಸ್ತೆಗಳು: ಹೈದರಾಬಾದಿನ ವಾಯವ್ಯಕ್ಕಿರುವ ಮಿಯಾಪುರ ಈ ಲೆಕ್ಕಕ್ಕೆ ಒಳ್ಳೆಯ ಪರೀಕ್ಷಾಸ್ಥಳ. 1932ರಲ್ಲಿ 27 ಬಸ್ಸುಗಳೊಡನೆ ಮೊದಲಾದ ನಿಜಾಮರ ರೈಲ್ವೆಯ ರಸ್ತೆಸಾರಿಗೆಯ ಉತ್ತರಾಧಿಕಾರಿಯಾದ ಸಂಸ್ಥೆಯ ಡಿಪೋಗಳು ಇಲ್ಲಿವೆ. 1942ರಲ್ಲಿ ಹುಟ್ಟಿ ಬಸ್ಸುಗಳಿಗೆ ಮೈಕಟ್ಟಿದ ಹೈದರಾಬಾದ್ ಆಲ್ವಿನ್ ಕಂಪೆನಿಯ ಹೆಸರನ್ನು ಇಲ್ಲಿಯ ಆಲ್ವಿನ್ ಚೌರಸ್ತೆ ಇಂದಿಗೂ ಹೊತ್ತಿದೆ. ಅದೇ ಕಂಪೆನಿ ನಿಸಾನ್ ಸಂಸ್ಥೆಯೊಡನೆ ಕೂಡಿ ಹಗುರ ಲಾರಿಗಳನ್ನು ತಯಾರಿಸಿದ ಜಹೀರಾಬಾದು, ಮಿಯಾಪುರವನ್ನು ಸೀಳಿ ಪಶ್ಚಿಮಕ್ಕೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಬೀದರ, ಕಲಬುರಗಿಗಳ ಕಡೆಗೆ ಹೋಗುವ ಕನ್ನಡಿಗರ ದಾರಿಯೂ ಇದೇ. ಹೆದ್ದಾರಿ ಜಹೀರಾಬಾದನ್ನು ದಾಟಿ ಹುಮನಾಬಾದಿನಲ್ಲಿ ಕರ್ನಾಟಕವನ್ನು ಹಾಯುತ್ತದೆ.

ದಟ್ಟಣೆಗೂ ಹೆದ್ದಾರಿಗೂ ನಡುವೆ ಇರುವ ಇಂಥ ಊರಿನ ಕಾರು ಎರಡು ಬಗೆಯ ಬಾಳನ್ನು ಬಾಳುತ್ತದೆ. ಪೂರ್ವಕ್ಕೆ ಕೂಕಟ್‌ಪಲ್ಲಿಯ ದಿಕ್ಕಿನಲ್ಲಿಯೂ ದಕ್ಷಿಣಕ್ಕೆ ಕೊಂಡಾಪುರ, ಗಚ್ಚಿಬೌಲಿಗಳ ದಿಕ್ಕಿನಲ್ಲಿಯೂ ಅದು ಹೆಚ್ಚಿನ ಹೊತ್ತು ಮೊದಲ ಮೂರು ಗಿಯರುಗಳಲ್ಲಿ, ಮೇಲ್ಸೇತುವೆಗಳನ್ನು ಹತ್ತಿ ಇಳಿಯುತ್ತ, ದಟ್ಟಣೆಯಲ್ಲಿ ತೆವಳುತ್ತಿರುತ್ತದೆ. ಪಶ್ಚಿಮಕ್ಕೆ ಪಟಾನ್‌ಚೆರುವಿನಾಚೆ ಮುತ್ತಂಗಿಯ ಬಳಿ 158 ಕಿಲೋಮೀಟರಿನ ಹೊರವರ್ತುಲ ರಸ್ತೆಯನ್ನು ಸೇರಿದೊಡನೆ, 2023ರಲ್ಲಿ ಗಂಟೆಗೆ 100ರಿಂದ 120 ಕಿಲೋಮೀಟರಿಗೆ ಏರಿಸಲಾದ ವೇಗಮಿತಿ ಅದರ ಮುಂದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 540 ಮೀಟರು ಎತ್ತರದ ಈ ಪ್ರಸ್ಥಭೂಮಿಯಲ್ಲಿ ದೀರ್ಘವಾದ ಘಾಟಿಗಳಿಲ್ಲವಾದುದರಿಂದ ಏರಿಗೆಂದು ವಿಶೇಷವಾಗಿ ಎಳೆತವನ್ನು ಕಾದಿರಿಸಬೇಕಾಗಿಲ್ಲ. ಕಾದಿರಿಸಬೇಕಾದುದು ಬೇಸಗೆಯ ಬಿಸಿಲಿಗೆ. ದಟ್ಟಣೆಯಲ್ಲಿ ಕ್ಲಚ್ಚನ್ನು ಅರ್ಧ ಹಿಡಿದು ತೆವಳುವಾಗ ಸಣ್ಣ ನಿಷ್ಪತ್ತಿಯ ಕಾರು ಕ್ಲಚ್ಚನ್ನು ಸುಡುತ್ತದೆ. ಹೊರವರ್ತುಲದಲ್ಲಿ ದೊಡ್ಡ ನಿಷ್ಪತ್ತಿಯ ಕಾರು, ಓವರ್‌ಡ್ರೈವ್ ಇಲ್ಲದಿದ್ದರೆ, ಎಂಜಿನ್ನನ್ನೂ ಇರುಸಿನ ಎಣ್ಣೆಯನ್ನೂ ಕಾಯಿಸುತ್ತದೆ.

ಆದುದರಿಂದ ಇಲ್ಲಿ ನಾಲ್ಕೇ ಗಿಯರಿನ, ನೇರ ಚಾಲನೆಯಲ್ಲಿ ಕೊನೆಗೊಳ್ಳುವ ಹಳೆಯ ಬಲಿಷ್ಠ ಕಾರಿಗೆ 3.08ರಿಂದ 3.55ರ ಒಳಗಿನ ನಿಷ್ಪತ್ತಿ ಒಪ್ಪುತ್ತದೆ, 0.74ರಂಥ ಓವರ್‌ಡ್ರೈವ್ ಉಳ್ಳ ಐದು ಅಥವಾ ಆರು ಗಿಯರಿನ ಕಾರಿಗೆ 3.73 ಸಮತೂಕದ ಆಯ್ಕೆ. ಹೊರವರ್ತುಲದಲ್ಲಿ 120ರ ವೇಗಕ್ಕೆ ಅದರ ಐದನೆಯ ಗಿಯರು ಬೇಡುವುದು 2,760 ಸುತ್ತುಗಳು. ಬಹುಮಟ್ಟಿನ ಪೆಟ್ರೋಲ್ ಎಂಜಿನ್ನುಗಳಿಗೆ ಇದು ನೆಮ್ಮದಿಯ ಎಲ್ಲೆ. 4.10 ಒಪ್ಪುವುದು ಆರನೆಯ ಗಿಯರು ಇರುವ, ಮೇಲಿನ ಸುತ್ತುಗಳಲ್ಲಿಯೇ ಬಲ ತೋರುವ ಎಂಜಿನ್ನಿಗೆ ಮಾತ್ರ.

ಪರಿಶೀಲನೆ ಮತ್ತು ಜೋಡಣೆ: ಹಳೆಯ ಕಾರಿನ ಇರುಸು ಎಷ್ಟೋ ಕೈಗಳನ್ನು ದಾಟಿ ಬಂದಿರುವುದರಿಂದ ಪುಸ್ತಕದ ಸಂಖ್ಯೆಯನ್ನು ನಂಬದೆ ಎಣಿಸಿ ನೋಡುವುದು ಲೇಸು. ಕಾರಿನ ಹಿಂಭಾಗವನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಗಿಯರನ್ನು ನ್ಯೂಟ್ರಲಿನಲ್ಲಿಟ್ಟು, ಟೈರಿಗೂ ಪ್ರೊಪೆಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಬೇಕು. ಸಾಮಾನ್ಯ ಡಿಫರೆನ್ಷಿಯಲಿನಲ್ಲಿ ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿದಾಗ ಶಾಫ್ಟು ಎಷ್ಟು ಸುತ್ತಿತೋ ಅದೇ ನಿಷ್ಪತ್ತಿ. ಮೂರೂಮುಕ್ಕಾಲಿಗೆ ಕೊಂಚ ಕಡಿಮೆಯೆನಿಸಿದರೆ 3.73; ನಾಲ್ಕನ್ನು ದಾಟಿ ಹತ್ತನೆಯ ಒಂದು ಪಾಲು ಮುಂದೆ ಹೋದರೆ 4.10. ಜಾರಿಕೆಯನ್ನು ತಡೆಯುವ ಲಿಮಿಟೆಡ್-ಸ್ಲಿಪ್ ರಚನೆಯಿದ್ದರೆ ಎರಡು ಚಕ್ರಗಳೂ ಕೂಡಿ ತಿರುಗುವುದರಿಂದ ಒಂದೇ ಸುತ್ತು ಸಾಕು.

ಕ್ರೌನ್ ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಅರೆದು ಹೊಂದಿಸಿರುತ್ತಾರಾಗಿ ಒಂದನ್ನು ಮಾತ್ರ ಬದಲಾಯಿಸಕೂಡದು. 41 ಮತ್ತು 11ರಂತೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳಿದ್ದರೆ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನಿನ ಎಲ್ಲ ಹಲ್ಲುಗಳನ್ನೂ ಸಂಧಿಸಿ ಸವೆತ ಸಮನಾಗುತ್ತದೆ. 40 ಮತ್ತು 10ರಂಥ ಜೋಡಿಯಲ್ಲಿ ಅವವೇ ಹಲ್ಲುಗಳು ಮತ್ತೆಮತ್ತೆ ಕೂಡುತ್ತವೆ. ನಿಷ್ಪತ್ತಿ ಹಿರಿದಾದಂತೆ ಪಿನಿಯನ್ನು ಕಿರಿದಾಗಿ, ಹಲ್ಲುಗಳು ಕಡಿಮೆಯಾಗಿ ಬಲಹೀನವಾಗುವುದರಿಂದ 4.56ರಂಥ ಸಂಖ್ಯೆಗಳು ಬಲಿಷ್ಠ ಎಂಜಿನ್ನಿನ ಮುಂದೆ ಬೇಗ ಸೋಲುತ್ತವೆ.

ಜೋಡಣೆಯಲ್ಲಿ ಪಿನಿಯನ್ನಿನ ಆಳ, ಬೇರಿಂಗುಗಳ ಬಿಗಿ, ಹಲ್ಲುಗಳ ನಡುವಿನ ಸಡಿಲ ಎಂಬ ಮೂರನ್ನೂ ಶಿಮ್ಮು ಎಂಬ ತೆಳು ಬಿಲ್ಲೆಗಳಿಂದ ತಿದ್ದಬೇಕಾಗುತ್ತದೆ. ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರು, ಇದನ್ನು ಡಯಲ್ ಗೇಜಿನಿಂದಲೇ ಅಳೆಯತಕ್ಕುದು, ಕೈಯಂದಾಜು ಸಲ್ಲದು. ಅನಂತರ ಕೆಲವು ಹಲ್ಲುಗಳಿಗೆ ಗುರುತಿನ ಬಣ್ಣವನ್ನು ತೆಳ್ಳಗೆ ಬಳಿದು ತಿರುಗಿಸಿದರೆ, ಹಲ್ಲುಗಳು ಕೂಡಿದ ಜಾಗ ಬೋಳಾಗಿ ಕಾಣುತ್ತದೆ. ಈ ಬೋಳು ಹಲ್ಲಿನ ಬುಡಕ್ಕೂ ತುದಿಗೂ ಸಮದೂರದಲ್ಲಿ, ನಡುಭಾಗದಲ್ಲಿ ಅಂಡಾಕಾರವಾಗಿ ಮೂಡಿದ್ದರೆ ಕೆಲಸ ಸರಿಯಾಗಿದೆ. ಬುಡಕ್ಕೆ ಇಳಿದಿದ್ದರೆ ಪಿನಿಯನ್ನು ಹೆಚ್ಚು ಆಳಕ್ಕಿದೆ, ತುದಿಗೆ ಏರಿದ್ದರೆ ಆಳ ಸಾಲದು. ಈ ತಿದ್ದುಪಡಿಯಲ್ಲಿ ಉಳಿದ ದೋಷ ರಸ್ತೆಯಲ್ಲಿ ಕುಂಯ್‌ಗುಡುವ ಸದ್ದಾಗಿ ಪ್ರಕಟವಾಗುತ್ತದೆ, ಕಾಲಕ್ರಮದಲ್ಲಿ ಹಲ್ಲನ್ನು ಮುರಿಯುತ್ತದೆ.

ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ, ಗಂಧಕ ಮತ್ತು ರಂಜಕದ ಸಂಯುಕ್ತಗಳುಳ್ಳ ಜಿಎಲ್-5 ದರ್ಜೆಯ ಎಣ್ಣೆ ಅವಕ್ಕೆ ಅವಶ್ಯ. ಹೊಸ ಜೋಡಿಯನ್ನು ಮೊದಲಿಗೆ ಹದಿನೈದು ಇಪ್ಪತ್ತು ನಿಮಿಷ ಮೆಲ್ಲನೆ ಓಡಿಸಿ ಪೂರ್ತಿ ತಣಿಯಲು ಬಿಡಬೇಕು. ಹೀಗೆ ಕೆಲವು ಸಲ ಕಾಯಿಸಿ ತಣಿಸಿ, ಸುಮಾರು 800 ಕಿಲೋಮೀಟರುಗಳ ಬಳಿಕ ಎಣ್ಣೆಯನ್ನು ಬದಲಾಯಿಸುವುದು ವಾಡಿಕೆ.

ಆನುಷಂಗಿಕ ಪರಿಣಾಮಗಳು: ಹಳೆಯ ಕಾರುಗಳಲ್ಲಿ ಸ್ಪೀಡೋಮೀಟರು ಗಿಯರುಪೆಟ್ಟಿಗೆಯ ಹಿಂಬದಿಯಿಂದ ಚಾಲನೆ ಪಡೆಯುವುದರಿಂದ ಇರುಸು ಬದಲಾದರೆ ಅದರ ಮುಳ್ಳು ಸುಳ್ಳು ಹೇಳತೊಡಗುತ್ತದೆ: 3.08ರಿಂದ 3.73ಕ್ಕೆ ಹೋದವನು ನಿಜವಾಗಿ 100ರಲ್ಲಿ ಓಡುವಾಗ ಮುಳ್ಳು 121ನ್ನು ತೋರಿಸುತ್ತದೆ, ದೂರದ ಲೆಕ್ಕವೂ ಅದೇ ಪ್ರಮಾಣದಲ್ಲಿ ಉಬ್ಬುತ್ತದೆ. ಸ್ಪೀಡೋಮೀಟರಿನ ಸಣ್ಣ ಹಲ್ಲುಚಕ್ರವನ್ನು ಬದಲಾಯಿಸಿ ಇದನ್ನು ಸರಿಪಡಿಸಬಹುದು. ಹೊಸ ಕಾರುಗಳಲ್ಲಿ ಎಂಜಿನ್ನಿನ ಗಣಕಕ್ಕೆ ಹೊಸ ನಿಷ್ಪತ್ತಿಯನ್ನು ತಿಳಿಸದಿದ್ದರೆ ಸ್ವಯಂಚಾಲಿತ ಗಿಯರು ತಪ್ಪು ವೇಗದಲ್ಲಿ ಬದಲಾಗುವುದುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ, ನೋಂದಣಿಪತ್ರದ ವಿವರಗಳು ತಯಾರಕನ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿರುವುದರಿಂದ, ಇರುಸಿನ ಜೊತೆಗೆ ಎಂಜಿನ್ನನ್ನೋ ಚೌಕಟ್ಟನ್ನೋ ಬದಲಾಯಿಸಬಯಸುವವರು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸತಕ್ಕುದು.

ಆಯ್ಕೆಯ ಕ್ರಮವನ್ನು ಸಂಗ್ರಹಿಸಿ ಹೇಳುವುದಾದರೆ: ಮೊದಲು ಟೈರು ನಿಶ್ಚಯವಾಗಬೇಕು, ಅನಂತರ ಕಾರು ಹೆಚ್ಚು ಹೊತ್ತು ಓಡುವ ವೇಗದಲ್ಲಿ ಮೇಲಿನ ಗಿಯರು ಬೇಡುವ ಸುತ್ತುಗಳನ್ನು ಎಣಿಸಬೇಕು, ಆಮೇಲೆ ಮೊದಲ ಗಿಯರಿನ ಗುಣಲಬ್ಧ ಎಂಜಿನ್ನಿನ ಬಲಕ್ಕೂ ಟೈರಿನ ಹಿಡಿತಕ್ಕೂ ಒಪ್ಪುವುದೇ ಎಂದು ನೋಡಬೇಕು. ಈ ಮೂರರಲ್ಲಿ ಎರಡು ನಿಷ್ಪತ್ತಿಗಳು ಸಮನಾಗಿ ನಿಂತರೆ ಸಣ್ಣದನ್ನೇ ಆರಿಸುವುದು ಕ್ಷೇಮ. ಎಳೆತದ ಅಲ್ಪ ಕೊರತೆಯನ್ನು ಒಂದು ಗಿಯರು ಇಳಿಸಿ ತುಂಬಿಕೊಳ್ಳಬಹುದು, ಮೇಲಿನ ಗಿಯರಿನಲ್ಲಿ ಮಿಗಿಲಾದ ಸುತ್ತುಗಳನ್ನು ಇಳಿಸಲು ಮುಂದಿನ ಗಿಯರು ಇರುವುದಿಲ್ಲ.